ಮಂಜು ಕುಡಿದ ಕಂಬಳಿ

೧

ಈ ಕಥೆಯನ್ನು ಬಾಗಿಲಿನಿಂದ ಶುರು ಮಾಡಲೋ, ಕಂಬಳಿಯಿಂದಲೋ?

ಬಾಗಿಲಿನಿಂದಾದರೆ ಹೀಗೆ: ‘ಸ್ಫಾಕ್ಸ್ ಊರಿನ ಒಂದು ಆಸ್ಪತ್ರೆಯ ನಾಲ್ಕನೆಯ ಮಹಡಿಯಲ್ಲಿ, ಬೆಳಗಿನ ಏಳೂವರೆಗೆ, ಬೇಯಾ ಎಂಬ ಹೆಂಗಸು ಹನ್ನೊಂದನೆಯ ಕೋಣೆಯ ಬಾಗಿಲ ಸಂದಿಗೆ ಟೇಪು ಅಂಟಿಸುತ್ತಿದ್ದಳು.’ ಪರವಾಗಿಲ್ಲ. ಊರು ಸಿಕ್ಕಿತು, ಹೊತ್ತು ಸಿಕ್ಕಿತು, ಹೆಂಗಸೂ ಸಿಕ್ಕಿದಳು. ಆದರೆ ಅವಳು ಟೇಪು ಅಂಟಿಸುವ ಹೊತ್ತಿಗೆ ಆಗಬಾರದ್ದು ಆಗಿಹೋಗಿತ್ತು. ಬೆಂಕಿ ಹತ್ತಿದ ಮೇಲೆ ಬಾಗಿಲು ತೋರಿಸಿ ಏನು ಪ್ರಯೋಜನ?

ಕಂಬಳಿಯಿಂದಾದರೆ: ‘ಗಾಬೆಸ್ ಊರಿನ ಮಹರ್ಜಿಯಾ ಮಗಳ ಮದುವೆಗೆಂದು ಎರಡು ಚಳಿಗಾಲ ಕೂತು ನೇಯ್ದ ಕಂಬಳಿ…’ ಇಷ್ಟು ಬರೆದರೆ ಸಾಕು, ನೀವು ಸೆರಗು ಹುಡುಕುತ್ತೀರಿ. ಅಳು ಅಷ್ಟು ಅಗ್ಗವಾಗಬಾರದು. ಹೊಡೆದು ಹಾಕಿದ್ದೇನೆ.

ಹಾಗಾಗಿ ಆಡದೆ ಉಳಿದ ಒಂದು ಮಾತಿನಿಂದ ಶುರು ಮಾಡುತ್ತೇನೆ. ಬೇಯಾ ಆ ಮಾತನ್ನು ಮಹರ್ಜಿಯಾಗೆ ಹೇಳಬೇಕು ಅಂದುಕೊಂಡು ಆರು ವರ್ಷವಾಯಿತು. ಹೇಳುತ್ತಾಳೋ ಇಲ್ಲವೋ, ಈ ಕಥೆಗಿರುವ ಹೊರೆ ಅದೊಂದೇ.

(ಬೇಯಾ ನನ್ನ ಹೆಗಲ ಮೇಲಿಂದ ಬಗ್ಗಿ ಓದುತ್ತಿದ್ದಾಳೆ. “ಆರು ವರ್ಷ ಅಲ್ಲ ಕಣೇ, ಆರು ವರ್ಷ ನಾಲ್ಕು ತಿಂಗಳು. ಬರಿಯೋಕೆ ಕೂತ್ಮೇಲೆ ನೆಟ್ಟಗೆ ಬರಿ.” ಪಾತ್ರಗಳಿಗೆ ಸಲಿಗೆ ಕೊಟ್ಟರೆ ಹೀಗೇ.)

೨

ಆಸ್ಪತ್ರೆಯಲ್ಲಿ ಬೇಯಾ ಮಾಡುವ ಮಂಜಿನ ಕೆಲಸ ಏನೆಂದು ಹೇಳಿಬಿಡುತ್ತೇನೆ. ಅದು ತಿಳಿಯದೆ ಬೇಯಾಳನ್ನು ಬೈಯುವುದಕ್ಕೂ ಆಗುವುದಿಲ್ಲ, ಬಿಡುವುದಕ್ಕೂ ಆಗುವುದಿಲ್ಲ.

ರೋಗಿ ಕೋಣೆ ಬಿಟ್ಟ ಮೇಲೆ ಮೊದಲು ಸೋಪಿನ ನೀರಲ್ಲಿ ಉಜ್ಜಿ ಒರೆಸಬೇಕು. ಮಂಚದ ಕಾಲು, ಕಿಟಕಿಯ ಚಿಲಕ, ಗೋಡೆಯ ಸ್ವಿಚ್ಚು, ಒಂದನ್ನೂ ಬಿಡದೆ. ಮಂಜಿಗೆ ಕೊಳೆ ತೆಗೆಯಲು ಬಾರದು. ಕೊಳೆಯ ಅಡಿಯಲ್ಲಿ ಅಡಗಿದ ಕ್ರಿಮಿ ಅದರ ಕಣ್ಣಿಗೆ ಬೀಳದು. ಎಲ್ಲ ಒಣಗಬೇಕು. ಡ್ರಾಯರು, ಬೀರು ಬಾಯಿ ತೆರೆದಿರಬೇಕು. ಗಾಳಿ ಬರುವ ಜಾಲರಿಗೆ ಟೇಪು. ಸೂರಿನ ಹೊಗೆ ಗಂಟೆಗೆ ಪ್ಲಾಸ್ಟಿಕ್ ಟೋಪಿ. ಇಲ್ಲವಾದರೆ ಬೆಂಕಿ ಬಿತ್ತೆಂದು ಕೂಗಿ ಇಡೀ ಮಹಡಿಯನ್ನು ಮೆಟ್ಟಿಲಿಗೆ ಓಡಿಸುತ್ತದೆ. ಆಮೇಲೆ ಆರು ಮೂಲೆ ಮುಡುಕಿಗೆ ಆರು ಸಣ್ಣ ಪಟ್ಟಿ. ನಡುಮನೆಯ ಒಲೆಯಂತೆ ಮಷೀನನ್ನು ನಟ್ಟನಡುವೆ ನಿಲ್ಲಿಸಿ, ಹೈಡ್ರೋಜನ್ ಪೆರಾಕ್ಸೈಡಿನ ಬಾಟಲಿ ಸಿಕ್ಕಿಸಿ, ಹೊರಗೆ ಬಂದು ಬಾಗಿಲಿಗೂ ಟೇಪು ಹಾಕಿ, ಕೆಂಪು ಹಲಗೆ ತೂಗುಹಾಕಿ ಗುಂಡಿ ಒತ್ತುವುದು. ಮಂಡಿ ತರಚಿದಾಗ ಹಚ್ಚಿದರೆ ಬುಸ್ಸೆಂದು ನೊರೆಯುತ್ತದಲ್ಲ, ಅದೇ ಮದ್ದು. ಇಲ್ಲಿ ಇನ್ನೂ ಖಾರ. ಜರಡಿ ಹಿಡಿದ ಹಿಟ್ಟಿಗಿಂತ ನವುರಾದ ಮಂಜಾಗಿ ಕೋಣೆ ತುಂಬುತ್ತದೆ, ಮಂಚದ ಅಡಿಗೂ ಹೋಗುತ್ತದೆ, ಕೈ ಹೋಗದಲ್ಲಿಗೂ ಹೋಗುತ್ತದೆ. ಕೆಲಸ ಮುಗಿದ ಮೇಲೆ ನೀರೂ ಗಾಳಿಯೂ ಆಗಿ ಕರಗುತ್ತದೆ. ಮೂರು ಗಂಟೆ. ಮಂಜು ಅಳೆಯುವ ಮೀಟರಿನ ಮುಳ್ಳು ಇಳಿಯುವ ಮುಂಚೆ ಬಾಗಿಲು ತೆಗೆದರೆ ಕಣ್ಣು ಗಂಟಲು ಉರಿದುಹೋಗುತ್ತದೆ.

ಪಟ್ಟಿ ಬದನೆಕಾಯಿ ಬಣ್ಣದಿಂದ ಹಳದಿಗೆ ತಿರುಗಿದರೆ ಮಂಜು ಅಲ್ಲಿಗೆ ಮುಟ್ಟಿತೆಂದು ಅರ್ಥ. ಆರನ್ನೂ ಪುಸ್ತಕಕ್ಕೆ ಅಂಟಿಸಬೇಕು. ಶುಚಿ ವಿಭಾಗದ ಹಿರಿಯ ಸೀ ನೌಫಲ್ (ಸೀ ಅಂದರೆ ನಮ್ಮ ರಾಯರು ಇದ್ದಂತೆ) ರುಜು ಹಾಕಬೇಕು.

ಈ ಸೀ ನೌಫಲ್ ತಿಂಗಳಿಗೊಮ್ಮೆ ಎಲ್ಲರನ್ನೂ ನಿಲ್ಲಿಸಿಕೊಂಡು ಅದೇ ಪಾಠ ಹೇಳುತ್ತಿದ್ದರು. “ಕೋಣೆ ಬರಿಮೈಲಿರ್ಬೇಕು. ಬಟ್ಟೆ ಬೇಡ, ಕಾಗದ ಬೇಡ, ರಟ್ಟು ಬೇಡ. ಅವೆಲ್ಲ ಕುಡುಕ್ರು. ಇರೋ ಮಂಜನ್ನೆಲ್ಲ ಅವೇ ಹೀರಿದ್ರೆ ಗೋಡೆಗೇನು ಉಳಿಯುತ್ತೆ, ನನ್ನ ತಲೆ?”

“ನಿಮ್ಮ ತಲೇಲಿ ಕುಡಿಯೋಕೆ ಕೂದ್ಲೇ ಇಲ್ವಲ್ಲ ಸೀ ನೌಫಲ್,” ಎಂದು ಬೇಯಾ ಹಿಂದಿನ ಸಾಲಿನಿಂದ ಅನ್ನುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ಪಾಠ ಆ ನಗುವಿನ ಜೊತೆಗೇ ಹೋಗುತ್ತಿತ್ತು.

೪

(ಮೂರನೆಯದನ್ನು ಹರಿದೆ. ಅದರಲ್ಲಿ ದಿಕ್ರಾ ಎಂಬ ಹುಡುಗಿ ತೀರಾ ಒಳ್ಳೆಯವಳಾಗಿದ್ದಳು. ತೀರಿಹೋದವರನ್ನು ಒಳ್ಳೆಯವರನ್ನಾಗಿ ಮಾಡುವುದು ಬರೆಯುವವರ ಸೋಮಾರಿತನ. ಅಯ್ಯೋ, ತೀರಿಹೋದಳೆಂದು ಈಗಲೇ ಹೇಳಿಬಿಟ್ಟೆ. ಹೋಗಲಿ. ಅದನ್ನು ಕೊನೆಗೆಂದು ಬಚ್ಚಿಟ್ಟುಕೊಳ್ಳುವುದು ನನಗೂ ಅಸಹ್ಯ.)

ದಿಕ್ರಾ ಮಹರ್ಜಿಯಾಳ ಮಗಳು, ಇಪ್ಪತ್ತನಾಲ್ಕು ವರ್ಷ, ಗಾಬೆಸಿನಲ್ಲಿ ಮದುವಣಗಿತ್ತಿಯರಿಗೆ ಜಡೆ ಹಾಕುವ ಕೆಲಸ. ನೆತ್ತರಿನ ಕಾಯಿಲೆ. ಹೊಸ ಮಜ್ಜೆ ಕೊಡುವ ಮುಂಚೆ ಮೈಯೊಳಗಿನ ಕಾವಲುಗಾರರನ್ನೆಲ್ಲ ಮದ್ದು ಹಾಕಿ ಮಲಗಿಸುತ್ತಾರೆ. ಆ ದಿನಗಳಲ್ಲಿ ಒಂದು ನೆಗಡಿಯೂ ಹುಲಿ. ಅದಕ್ಕೇ ಹನ್ನೊಂದನೆಯ ಕೋಣೆ. ಅದು ತೆರವಾಗುವ ತನಕ ಅವಳು ಕೆಮ್ಮುವ ನಾಲ್ವರ ನಡುವೆ ಸಾಮಾನ್ಯ ವಾರ್ಡಿನಲ್ಲಿ ಮಲಗಿದ್ದಳು.

“ಖಾಲ್ತಿ ಬೇಯಾ,” ಎನ್ನುತ್ತಿದ್ದಳು, ಚಿಕ್ಕಮ್ಮನನ್ನು ಕರೆಯುವಂತೆ. “ಊರೋರ ತಲೆಗೆಲ್ಲ ಬಾಚಣಿಗೆ ಹಾಕ್ದೆ, ಈಗ ನನ್ನ ತಲೆ ನೋಡು, ಒರೆಸೋ ಬಟ್ಟೆ ಸಾಕು. ನೆಲ ಒರೆಸ್ತಾ ಹಂಗೇ ಒಂದು ಕೈ ಎಳ್ದುಬಿಡು.”

ಬೇಯಾಳ ಮೇಲೆ ರೇಗುತ್ತಲೂ ಇದ್ದಳು. ಚೊರ್ಬಾ ಸಾರು ಸಪ್ಪೆ ಎಂದು ಬಟ್ಟಲು ತಳ್ಳುತ್ತಿದ್ದಳು. ತಾಯಿಯನ್ನು ಒಂದು ಸಲ “ನಿನ್ನ ಗೋಳು ಕೇಳೋ ಬದ್ಲು ಸೂಜಿನೇ ಮೇಲು” ಅಂದಿದ್ದಳು. ರಾತ್ರಿ ಚಳಿಯೆಂದು ನಡುಗುತ್ತಿದ್ದಳು. ಆಸ್ಪತ್ರೆಯ ಹೊದಿಕೆ ಕಾಗದದ ಹಾಗೆ, ಒಳಗೆ ಚಳಿಯೇ ತುಂಬಿಟ್ಟ ಹಾಗೆ.

ಕೋಣೆಗೆ ಹೋಗುವ ಹಿಂದಿನ ದಿನ ಮಹರ್ಜಿಯಾ ಬೇಯಾಳನ್ನು ಮೆಟ್ಟಿಲ ತಿರುವಿನಲ್ಲಿ ಹಿಡಿದಳು. ಕಂಕುಳಲ್ಲಿ ಗಂಟು.

“ಒಳಗೆ ಮನೇದು ಏನೂ ಬಿಡಲ್ವಂತೆ. ಕಂಬಳಿ ಗಲೀಜಂತೆ! ನಾನೇ ನೇಯ್ದಿದ್ದು, ಗಲೀಜಂತೆ!”

“ಗಲೀಜಲ್ಲ ಲಲ್ಲಾ ಮಹರ್ಜಿಯಾ, ಕ್ರಿಮಿ ಅಂತಾರೆ. ಕಣ್ಣಿಗೆ ಕಾಣಲ್ಲ.” ಲಲ್ಲಾ ಅಂದರೆ ಅಮ್ಮಾವ್ರೇ ಅಂದಂತೆ.

“ಕಾಣದೇ ಇರೋದನ್ನ ಕಂಡವ್ರು ಯಾರು? ಹೋಗ್ಲಿ ಬಿಡು. ನಿಮ್ಮ ಮಷೀನು ಹೊಗೆ ಹಾಕುತ್ತಲ್ಲ, ಅದ್ರಲ್ಲಿ ಇದನ್ನೂ ಒಂದು ಸಲ ನೇತುಹಾಕು. ಹಬ್ಬಕ್ಕೆ ನಾವು ಬಟ್ಟೆನ ಧೂಪದ ಮೇಲೆ ಹರವಲ್ವಾ? ಎರಡು ಮಗ್ಗುಲೂ ಕುಡಿದ್ರೆ ಶುದ್ಧ.”

“ಅದು ಹೊಗೆ ಅಲ್ಲ, ಮಂಜು.”

“ಎರಡೂ ಮೇಲಕ್ಕೇ ಹೋಗೋದು ತಾನೆ, ತಂಗೀ.”

ಬೇಯಾ ಗಂಟು ತೆಗೆದುಕೊಂಡಳು. ಕರುಣೆಯಿಂದ ಅಂತ ಬರೆದಿದ್ದೆ, ಅವಳೇ ಅಳಿಸಿದಳು. “ಕರುಣೆ ಅಲ್ಲ. ನಂಗೂ ಅದು ಸರಿ ಅಂತ್ಲೇ ಅನ್ನಿಸ್ತು. ನಮ್ಮಮ್ಮ ನನ್ನ ಮದುವೆ ಬಟ್ಟೆನ ಕೆಂಡದ ಮೇಲೆ ಬುಟ್ಟಿ ಬೋರಲು ಹಾಕಿ ಹರವಿದ್ಲು. ಬಟ್ಟೆ ಎಷ್ಟು ಕುಡಿದ್ರೆ ಅಷ್ಟು ಒಳ್ಳೇದು. ಹುಟ್ಟಿದಾಗಿಂದ ಅದನ್ನೇ ನೋಡಿರೋಳು ನಾನು. ಕುಡಿಯೋದು ತಪ್ಪು ಅಂದ್ರೆ ಹೆಂಗೆ ತಲೆಗೆ ಹೋಗ್ಬೇಕು?”

ಹದಿನೆಂಟು ವರ್ಷ ಆ ಕೆಲಸ ಮಾಡಿದವಳು ಅವಳು. ಕೈಗೆ ಆಸ್ಪತ್ರೆ ಕಲಿಸಿತ್ತು. ಮನಸ್ಸಿಗೆ ಅಮ್ಮನ ಕೆಂಡದ ಒಲೆ.

೫

ಮಾರನೆಯ ಬೆಳಿಗ್ಗೆ ಅವಳು ಕಂಬಳಿಯನ್ನು ಸಲೈನ್ ಕಂಬದ ಮೇಲೆ, ಮಂಚದ ತಲೆಯ ಹತ್ತಿರ, ಪೂರ್ತಿ ಬಿಚ್ಚಿ ಹರವಿದಳು. ಬಾಗಿಲು ಮುಚ್ಚಿದಳು. ಟೇಪು. ಕೆಂಪು ಹಲಗೆ. ಗುಂಡಿ. (ಇಲ್ಲಿಗೆ ನನ್ನ ಮೊದಲ ವಾಕ್ಯ ಬಂದು ಸೇರಿತು. ಹೊಡೆದು ಹಾಕಿದ್ದನ್ನೂ ಬಿಸಾಡಬಾರದು.)

ಹತ್ತೂ ಮುಕ್ಕಾಲಿಗೆ ಒಳಗೆ ಹೋದಳು. ಐದು ಪಟ್ಟಿ ಹಳದಿ. ಆರನೆಯದು, ಮಂಚದ ತಲೆಯ ಹಿಂದಿನದು, ಕಂಬಳಿಯ ಮರೆಯದು, ಬದನೆಕಾಯಿ.

ಅವಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಊದಿದಳು. ಬೆರಳಲ್ಲಿ ಉಜ್ಜಿದಳು, ಕೊಳೆಯಿದ್ದರೆ ಹೋಗಲೆಂದು. ಆಗ ಸೀ ನೌಫಲರ ಕುಡುಕರ ಪಾಠ ತಲೆಗೆ ಬಂತು, ಬರಬೇಕಾದ ಹೊತ್ತಿಗಿಂತ ಮೂರು ಗಂಟೆ ತಡವಾಗಿ.

ಹೇಳಿದರೆ ಏನಾಗುತ್ತಿತ್ತು? ಕಂಬಳಿ ತೆಗೆದು, ಮೊದಲಿನಿಂದ ಉಜ್ಜಿ ಒಣಗಿಸಿ, ಮತ್ತೆ ಟೇಪು ಹಾಕಿ, ಇನ್ನೊಂದು ಸಲ ಮಂಜು ಬಿಡಬೇಕು. ಸಂಜೆಯಾಗುತ್ತಿತ್ತು. ಡಾಕ್ಟರು ಮಧ್ಯಾಹ್ನದೊಳಗೆ ಹುಡುಗಿ ಒಳಗಿರಬೇಕು ಅಂದಿದ್ದರು. ಕೆಮ್ಮುವ ನಾಲ್ವರ ನಡುವೆ ಇನ್ನರ್ಧ ದಿನ. ಮತ್ತೆ ಬೇಯಾಗೆ ಬೈಗುಳ, ಮಹರ್ಜಿಯಾಗೆ ಗೇಟಿನಿಂದಾಚೆ ಜಾಗ. ಯಾವ ಕಾರಣ ಮೊದಲು ಬಂತು, ಯಾವುದು ಆಮೇಲೆ? ನಾನು ಹುಡುಗಿಯದನ್ನು ಮೊದಲು ಬರೆದಿದ್ದೇನೆ. ಬೇಯಾ ಆ ಸಾಲಿನ ಮೇಲೆ ಬೆರಳಿಟ್ಟಿದ್ದಾಳೆ.

ಕೋಟಿನ ಜೇಬಿನಲ್ಲಿ ನಿನ್ನೆಯ ಕೋಣೆಯಲ್ಲಿ ಹೆಚ್ಚಿಗೆ ಇಟ್ಟಿದ್ದ ಒಂದು ಹಳದಿ ಪಟ್ಟಿ ಮಿಕ್ಕಿತ್ತು. ಆರನೆಯದರ ಜಾಗಕ್ಕೆ ಅದನ್ನು ಅಂಟಿಸಿದಳು.

“ಆಯ್ತೇನು ಬೇಯಾ? ಮೇಲಿಂದ ಮೂರು ಸಲ ಫೋನು,” ಸೀ ನೌಫಲ್ ಬಾಗಿಲಲ್ಲಿ ನಿಂತರು.

“ಆಯ್ತು.”

“ಆರೂ?”

“ಆರೂ.”

“ನೀನು ಅಂಟಿಸಿದ್ಮೇಲೆ ನಾನು ನೋಡೋದೇನು,” ಎಂದು ರುಜು ಹಾಕಿದರು. (ನೋಡಿದ್ದರೂ ಹಳದಿಯೇ ಕಾಣುತ್ತಿತ್ತು. ಅದನ್ನೂ ಬರೆದಿಡುತ್ತೇನೆ, ಅವರ ಮೇಲೆ ಜಾರಿಸುವ ಆಸೆ ನನಗೆ ಬಾರದಿರಲಿ.)

ಕಂಬಳಿ? ಬೇಯಾ ಅದನ್ನು ಆಗಲೇ ಮತ್ತೆ ಗಂಟು ಕಟ್ಟಿದ್ದಳು. ದಿಕ್ರಾಳ ಜೊತೆ ಒಳಗೆ ಕಳಿಸುವಾಗ ಕೋಣೆಯ ಹೊರಬಾಗಿಲಲ್ಲಿ ಹಿರಿಯ ನರ್ಸು ತಡೆದಳು. “ಇದ್ಯಾವುದು? ಕಣ್ಣು ಉರೀತಿದೆ, ಹೊರಗೆ ಹಾಕಿ.” ದಿಕ್ರಾಳ ಮೈಗೆ ಅದು ಒಂದು ಗಳಿಗೆಯೂ ಮುಟ್ಟಲಿಲ್ಲ.

ಒಂಬತ್ತನೆಯ ದಿನ ಜ್ವರ. ಹದಿನೇಳನೆಯ ದಿನ ಹೋದಳು. “ಇಂಥೋರಿಗೆ ಜ್ವರ ಅವರ ಮೈಯೊಳಗಿಂದ್ಲೇ ಏಳುತ್ತೆ, ಎಷ್ಟು ಕಾದ್ರೂ,” ಎಂದು ಡಾಕ್ಟರು ತಾಯಿಗೆ ಹೇಳಿದರು. ನಿಜವೇ ಇರಬಹುದು. ನೂರಕ್ಕೆ ಎಷ್ಟೋ ಪಾಲು ನಿಜವೇ ಇರಬಹುದು. ಆರನೆಯ ಪಟ್ಟಿಯ ಬಗ್ಗೆ ಯಾರೂ ಕೇಳಲಿಲ್ಲ, ಕೇಳುವುದಕ್ಕೆ ಯಾರಿಗೂ ಕಾರಣವಿರಲಿಲ್ಲ.

ಅಂದಿನಿಂದ ಪ್ರತಿ ಈದ್‌ಗೆ ಮಹರ್ಜಿಯಾ ಫೋನು ಮಾಡುತ್ತಾಳೆ. “ಬೇಯಾ, ನಿನ್ನ ಕೈ ತಣ್ಣಗಿರ್ಲಿ. ಎಲ್ಲಾ ಬಾಗಿಲು ಹಾಕ್ಕೊಂಡಾಗ ನೀನೊಬ್ಳು ನನ್ನ ಗಂಟು ಇಸ್ಕೊಂಡೆ.” ಬೇಯಾ “ಹೂಂ ಲಲ್ಲಾ” ಅನ್ನುತ್ತಾಳೆ. ಹಬ್ಬದ ದಿನ ಬೇಡವೆಂದು ಆ ಮಾತನ್ನು ಮುಂದಕ್ಕೆ ಹಾಕುತ್ತಾಳೆ. ಮಹರ್ಜಿಯಾ ಹಬ್ಬದ ದಿನ ಬಿಟ್ಟು ಬೇರೆ ದಿನ ಫೋನು ಮಾಡುವುದಿಲ್ಲ.

ಮುಗಿತಾಯ, ಅ

ಬೇಯಾ ಬದನೆಕಾಯಿ ಬಣ್ಣದ ಪಟ್ಟಿ ಹಿಡಿದು ಸೀ ನೌಫಲರ ಮುಂದೆ ನಿಲ್ಲುತ್ತಾಳೆ. “ತಪ್ಪಾಯ್ತು,” ಎನ್ನುತ್ತಾಳೆ. ಅವರು ಕೂಗಾಡುತ್ತಾರೆ. ಮತ್ತೆ ಮಂಜು. ಸಂಜೆ ಆರಕ್ಕೆ ದಿಕ್ರಾ ಒಳಗೆ.

“ಎಷ್ಟು ಒಳ್ಳೇಳು ಇವಳು,” ಬೇಯಾ ಓದಿ ಅನ್ನುತ್ತಾಳೆ. “ಯಾರ ಮನೆ ಹೆಂಗ್ಸು? ನಂಗೆ ಪರಿಚಯ ಮಾಡ್ಸು.”

ಹರಿದೆ.

ಮುಗಿತಾಯ, ಆ

ಲ್ಯಾಬಿನಿಂದ ಒಂದು ಕಾಗದ ಬರುತ್ತದೆ: ಜ್ವರ ತಂದ ಕ್ರಿಮಿ ಹುಡುಗಿಯ ಹೊಟ್ಟೆಯೊಳಗಿನದು, ಕೋಣೆಯದಲ್ಲ. ಬೇಯಾ ಉಸಿರು ಬಿಡುತ್ತಾಳೆ.

“ಕಾಗದ ಎಲ್ಲಿದೆ?”

“ನಾನು ಬರೆದದ್ದೇ ಕಾಗದ.”

“ಹಂಗಾದ್ರೆ ನೀನೂ ಹಳದಿ ಪಟ್ಟಿ ಅಂಟಿಸ್ತಿದ್ದೀಯ.”

ಇದನ್ನೂ ಹರಿದೆ. ಎರಡು ದಿನ ಬರೆಯಲಿಲ್ಲ.

ಮುಗಿತಾಯ, ಇ

ಇದು ನನಗೆ ಇಷ್ಟವಾದದ್ದು. ಮಹರ್ಜಿಯಾಗೆ ಮೊದಲಿನಿಂದಲೂ ಎಲ್ಲ ಗೊತ್ತು. ನರ್ಸು ಯಾರೋ ಹೇಳಿದ್ದಾರೆ. ಅವಳು ಕ್ಷಮಿಸಿಯೇ ಫೋನು ಮಾಡುತ್ತಿದ್ದಾಳೆ. ಬೇಯಾ ಬಾಯಿ ಬಿಡುವ ಮುಂಚೆಯೇ “ಗೊತ್ತು ತಂಗೀ” ಅನ್ನುತ್ತಾಳೆ.

ಬೇಯಾ ಇದನ್ನು ಎರಡು ಸಲ ಓದಿದಳು. ನಗಲಿಲ್ಲ.

“ಕ್ಷಮ್ಸೋದು ಬಿಡೋದು ಅವಳಿಗೆ ಸೇರಿದ್ದು ಕಣೇ. ಅವಳ ಬಾಯಿಂದ ನೀನ್ಯಾಕೆ ಆಡಿಸ್ತೀಯ? ಅವಳು ಉಗುಳಿದ್ರೆ ಉಗುಳಿಸ್ಕೋಬೇಕು ನಾನು. ಅಷ್ಟಾದ್ರೂ ಬಿಡು ನಂಗೆ.”

“ಹಾಗಾದ್ರೆ ಹೋಗಿ ಹೇಳಿಬಾ.”

“ಹೋಗ್ತೀನಿ.”

“ಯಾವಾಗ?”

“ನೀನು ಬರೀತಾ ಕೂತಿದ್ರೆ ನಾನೆಲ್ಲಿ ಹೋಗ್ಲಿ?”

೬, ಅಥವಾ ಯಾವ ಅಂಕಿಯೂ ಅಲ್ಲ

ಇವತ್ತು ಗುರುವಾರ, ಹಬ್ಬವಲ್ಲ. ಬೇಯಾ ಲುವಾಜ್ ನಿಲ್ದಾಣದಲ್ಲಿದ್ದಾಳೆ. ಲುವಾಜ್ ಎಂದರೆ ಎಂಟು ಮಂದಿ ತುಂಬಿದ ಹೊರತು ಹೊರಡದ ಬಾಡಿಗೆ ವ್ಯಾನು. ಗಾಬೆಸಿನದ್ದರಲ್ಲಿ ಏಳು ಮಂದಿ ಕೂತಿದ್ದಾರೆ. ಬೇಯಾ ಹಿಂದಿನ ಸಾಲಿನ ಕಿಟಕಿಯ ಹತ್ತಿರ. ಡ್ರೈವರು ಸೂರ್ಯಕಾಂತಿ ಬೀಜ ಉಗುಳುತ್ತ ಕೂಗುತ್ತಿದ್ದಾನೆ. “ಗಾಬೆಸ್! ಗಾಬೆಸ್! ಒಬ್ರೇ! ಒಬ್ರು ಬಂದ್ರೆ ಹೊರಟ್ವಿ!”

ಎಂಟನೆಯವರನ್ನು ನಾನು ಬರೆಯಬಲ್ಲೆ. ರಜೆಗೆ ಹೊರಟ ಸಿಪಾಯಿ ಒಬ್ಬ, ಇಲ್ಲವೇ ಮೀನಿನ ಬುಟ್ಟಿಯ ಹೆಂಗಸು. ಒಂದು ವಾಕ್ಯದ ಕೆಲಸ.

“ಬರೀಬೇಡ,” ಎಂದಳು ಬೇಯಾ, ನನ್ನ ಕಡೆ ತಿರುಗದೆ. “ನೀನು ಕಳಿಸ್ದೆ ಅಂತ ಆಗ್ಬಾರ್ದು.”

ಸರಿ. ಬರೆಯದೆ ನೋಡುತ್ತ ಕೂತೆ. ಹತ್ತು ನಿಮಿಷ. ಇಪ್ಪತ್ತು. ಆಗ ಕಂಡಿತು: ಸಿಪಾಯಿಯಲ್ಲ, ಹೆಂಗಸಲ್ಲ, ನಾನು ಬರೆಯದೇ ಇದ್ದ ಯಾರೋ ಒಬ್ಬ ಮುದುಕ ಬಂದು ಒಳಗೆ ಇಣುಕಿದ. ಬೇಯಾ “ಯಾರೋ ಬರ್ತಾರೆ” ಅಂದಳು. ಮುದುಕ ಬೇರೆ ವ್ಯಾನಿಗೆ ಹೋದ. ಆಮೇಲೆ ಓದುವ ಹುಡುಗಿಯೊಬ್ಬಳು. ಅವಳಿಗೂ ಅದೇ. ಎಂಟನೆಯ ಸೀಟಿನ ಮೇಲೆ ಬೇಯಾಳ ಚೀಲ ಕೂತಿದೆ.

ಮುಂದಿನ ಸಾಲಿನವನು ಗೊಣಗಿದ. “ಇವತ್ತು ಹೊರಡೋದೋ, ಇಲ್ಲೇ ಮನೆ ಕಟ್ಟೋದೋ?”

ಡ್ರೈವರು ಬಗ್ಗಿ ಒಳಗೆ ನೋಡಿದ. “ಅಮ್ಮಾ, ಯಾರದು ಆ ಸೀಟು?”

ಏಳು ತಲೆಗಳೂ ಬೇಯಾಳ ಕಡೆ ತಿರುಗಿದವು, ಅವಳದೂ ಸೇರಿದಂತೆ. ಅವಳು ತನ್ನನ್ನೇ ಕಿಟಕಿಯ ಗಾಜಿನಲ್ಲಿ ನೋಡಿಕೊಳ್ಳುತ್ತಿದ್ದಳು. ಓದುವವರೇ, ನೀವೂ ನನ್ನ ಹಾಗೆ ಅವಳ ಕೈಯನ್ನೇ ನೋಡುತ್ತಿರಬೇಕು. ಚೀಲದ ಹಿಡಿಯ ಮೇಲೆ ಅದು ಬಂದು ಕೂತಿದೆ. ಎತ್ತಿ ಮಡಿಲಿಗೆ ಹಾಕಿಕೊಳ್ಳುವುದಕ್ಕೋ, ಅಲ್ಲೇ ಒತ್ತಿ ಹಿಡಿಯುವುದಕ್ಕೋ, ಇಲ್ಲಿಂದ ತಿಳಿಯುತ್ತಿಲ್ಲ.