ಸೀಟಿ ಮೇಡಂ ಬಾಯಿಗೆ ಬೀಗ ಬಿದ್ದಾಗ

ಶಾಲೆಯ ಮೈದಾನದಲ್ಲಿ ಸೀಟಿ ಮೇಡಂ ಕೂಗಿದರೆ ಹೊರಗಿನ ರಸ್ತೆಯಲ್ಲಿ ಸೈಕಲ್ ತುಳಿಯುತ್ತಿದ್ದವರು ಬ್ರೇಕ್ ಹಾಕುತ್ತಿದ್ದರು. ಇದು ಅತಿಯಾಯಿತು ಅನ್ನುವವರು ಆಕೆಯ ಕೂಗು ಕೇಳಿಲ್ಲ, ಅಷ್ಟೇ. ಪಿ.ಟಿ. ಮೇಡಂ ಅಂದಮೇಲೆ ಕೊರಳಲ್ಲಿ ಸೀಟಿ ಇರಬೇಕು, ಇತ್ತು. ಆದರೆ ಅದನ್ನು ಊದಿದ್ದು ಕಂಡವರಿಲ್ಲ. ದೇವರು ಗಂಟಲಲ್ಲೇ ಒಂದನ್ನು ಇಟ್ಟು ಕಳಿಸಿರುವಾಗ ಅಂಗಡಿಯದನ್ನು ಯಾಕೆ ಎಂಜಲು ಮಾಡಬೇಕು ಎಂಬುದು ಆಕೆಯ ವಾದ. ಓಡುವವರಿಗೆ ಕೂಗು, ಹಾರುವವರಿಗೆ ಕೂಗು, ಚೆಂಡು ಎಸೆಯುವವರಿಗೆ ಕೂಗು. ಮಕ್ಕಳ ಮೇಲೆ ಪ್ರೀತಿ ಉಕ್ಕಿದರೂ ಅದೇ ಕೂಗು. ಕೂಗದೆ ಇದ್ದರೆ ಪಾಠ ಮಾಡಿದ ಹಾಗೆಯೇ ಅನ್ನಿಸುತ್ತಿರಲಿಲ್ಲ ಆಕೆಗೆ.

ಅಂಥ ಗಂಟಲು ಒಂದು ದಿನ ಕೈಕೊಟ್ಟಿತು. ತಿಂಗಳುಗಟ್ಟಲೆ ಗೊರಗೊರ ಅನ್ನುತ್ತಿದ್ದರೂ ಬಿಸಿನೀರು ಕುಡಿದು ಕುಡಿದು ತಳ್ಳಿಕೊಂಡು ಬಂದಿದ್ದರು. ಕೊನೆಗೆ ಗಂಟಲಿನ ಡಾಕ್ಟರು ಒಳಗೆ ದೀಪ ಬಿಟ್ಟು ನೋಡಿದರು.

"ಗಂಟಲಲ್ಲಿ ಗಂಟು ಕಟ್ಟಿದೆ ಮೇಡಂ. ಚಿಕ್ಕದು, ತೆಗೆದುಬಿಡ್ತೀನಿ. ಆದ್ರೆ ಆಮೇಲೆ ಎರಡು ವಾರ ತುಟಿ ಪಿಟಕ್ ಅನ್ನಬಾರದು. ಪಿಸುಮಾತೂ ಕೂಡದು. ಮಾತಾಡಿದ್ರೋ, ಮುಂದೆ ಮಾತಾಡೋಕೆ ದನಿಯೇ ಇರಲ್ಲ."

ಮೇಡಂ ಬಾಯಿ ತೆರೆದರು. "ಅದೇ, ಅದನ್ನೇ ಬೇಡ ಅಂದಿದ್ದು," ಎಂದರು ಡಾಕ್ಟರು.

ಗಂಟು ತೆಗೆದಾಯಿತು. ಹೊಲಿಗೆ ಅಂಗಡಿಯ ಗಂಡ ಅಳತೆ ಟೇಪನ್ನು ಕತ್ತಿಗೆ ಹಾಕಿಕೊಂಡೇ ಮನೆಗೆ ಬಂದು, "ಮದುವೆಯಾದ ಮೇಲೆ ಈ ಮನೇಲಿ ಗಡಿಯಾರದ ಸದ್ದು ಕೇಳಿದ್ದು ಇವತ್ತೇ ಮೊದಲು ನೋಡು," ಎಂದು ನಕ್ಕ. ಮೇಡಂ ಸೌಟು ಎತ್ತಿದರು. ಅದಕ್ಕೆ ಮಾತು ಬೇಕಿರಲಿಲ್ಲ.

ನಗದೆ ಇದ್ದವರು ಅತ್ತೆ ಒಬ್ಬರೇ. ಅವರಿಗೆ ಕಿವಿ ಮಂದ. ಎರಡು ದಿನ ಮಂಕಾಗಿ ಕೂತಿದ್ದು, ಮೂರನೆಯ ದಿನ ಸೊಸೆಯ ಕೈ ಹಿಡಿದು ಹೇಳಿದರು: "ನನಗೆ ಕಿವಿ ಪೂರ್ತಿ ಹೋಯ್ತು ಅಂದ್ಕೊಂಡುಬಿಟ್ಟಿದ್ದೆ ಕಣೇ. ಕೇಳ್ತಿದ್ದದ್ದು ನಿನ್ನ ದನಿ ಒಂದೇ ಅಲ್ವಾ. ನೀನು ಕೂಗದಿದ್ರೆ ಊಟಕ್ಕೆ ಏಳಬೇಕೋ ಬೇಡವೋ ಅಂತಾನೇ ತಿಳಿಯಲ್ಲ." ಮೇಡಂಗೆ ಕಣ್ಣು ತುಂಬಿ ಬಂತು. ಸೆರಗಿನಿಂದ ಒರೆಸಿಕೊಂಡು, ಅತ್ತೆಯ ತಟ್ಟೆಗೆ ಇನ್ನೊಂದು ಸೌಟು ಬಡಿಸಿದರು.

ಇದೆಲ್ಲ ಸರಿಹೋಗುವಂಥದ್ದೇ. ಸರಿಹೋಗದೆ ಉಳಿದದ್ದು ಶಾಲೆಯ ವಿಷಯ. ಎರಡು ವಾರ ಮುಗಿಯುವ ದಿನವೇ ಶಾಲೆಶಾಲೆಗಳ ನಡುವಿನ ಓಟದ ಪಂದ್ಯ, ಮತ್ತು ಹುಡುಗಿಯರ ರಿಲೇ ತಂಡದಲ್ಲಿ ಒಬ್ಬಳ ತಲೆಯ ಮೇಲೆ ಕತ್ತಿ ತೂಗುತ್ತಿತ್ತು. ಅದನ್ನು ತೂಗುಹಾಕಿದವರು ಮೇಡಮ್ಮೇ.

ರಿಲೇ ಅಂದರೆ ಗೊತ್ತಲ್ಲ, ನಾಲ್ವರು ಓಡಬೇಕು, ಒಬ್ಬಳ ಕೈಯ ಬ್ಯಾಟನ್ ಇನ್ನೊಬ್ಬಳ ಕೈ ಸೇರಬೇಕು. ಪಡೆಯುವವಳು ಹಿಂದೆ ತಿರುಗಿ ನೋಡಬಾರದು. ಓಡುತ್ತಲೇ, ಹಿಂದಿನವಳು "ತಗೋ" ಅಂದಾಗ ಅಂಗೈ ಹಿಂದಕ್ಕೆ ಚಾಚಬೇಕು. ಬ್ಯಾಟನ್ ಬಿದ್ದರೆ ಗಾಳಿಯಂತೆ ಓಡಿದ್ದೂ ನೀರಿನಲ್ಲಿ ಹೋಮ ಮಾಡಿದ ಹಾಗೆ. ಎರಡನೆಯವಳಾದ, ತಂಡದಲ್ಲೇ ಎತ್ತರದ ಉದ್ದಕ್ಕನಿಂದ ಮೂರನೆಯವಳಿಗೆ ಕೊಡುವಾಗ ಅದು ಬೀಳುತ್ತಿತ್ತು. ದಿನಾ ಬೀಳುತ್ತಿತ್ತು. ಮೂರನೆಯವಳಿಗೆ ತರಗತಿಯವರು ಜಾರುಬಂಡೆ ಎಂದು ಹೆಸರಿಟ್ಟಿದ್ದರು. ಕೈಗೆ ಬಂದದ್ದು ನಿಲ್ಲುವುದಿಲ್ಲ ಅಂತ.

ಈ ಜಾರುಬಂಡೆ ಬಾಯಿಗೆ ಬೆರಳಿಟ್ಟರೂ ಕಚ್ಚದ ಹುಡುಗಿ. ಪಾಠದಲ್ಲಿ ಹಿಂದೆ, ಹಾಡಿನಲ್ಲಿ ಹಿಂದೆ. ಯಾವುದಕ್ಕಾದರೂ ಯಾರಾದರೂ ಅವಳನ್ನು ಆರಿಸಿದ್ದರೆ ಅದು ಈ ಓಟಕ್ಕೆ ಮಾತ್ರ. ಬ್ಯಾಟನ್ ಕೇಳಿ ಮನೆಗೆ ಒಯ್ಯುತ್ತಿದ್ದಳು, ಹಿಡಿಯುವ ಅಭ್ಯಾಸಕ್ಕೆ. ಅವಳ ಅಜ್ಜಿ ಅದರಲ್ಲಿ ಬೆಕ್ಕು ಓಡಿಸುತ್ತಿದ್ದರಂತೆ. ಆಪರೇಷನ್ನಿನ ಹಿಂದಿನ ದಿನ ಮೇಡಂ ಅವಳನ್ನು ಕರೆದು, ಒಡೆದ ದನಿಯಲ್ಲಿ, "ಪಂದ್ಯದ ಹಿಂದಿನ ದಿನ ದೊಡ್ಡ ಮೇಷ್ಟ್ರಿಗೆ ತಂಡ ಹೇಳಬೇಕು. ಅಷ್ಟರೊಳಗೆ ಇನ್ನೊಂದು ಸಲ ಬೀಳಿಸಿದ್ರೆ ನಿನ್ನ ಜಾಗಕ್ಕೆ ಬೇರೆಯವಳು. ಬೇಜಾರು ಮಾಡ್ಕೋಬೇಡ," ಅಂದಿದ್ದರು. ಹುಡುಗಿ, "ಆಯ್ತು ಮೇಡಂ," ಅಂದಳು. ಅತ್ತಿದ್ದರೆ ಮೇಡಂಗೆ ಇಷ್ಟು ಚುಚ್ಚುತ್ತಿರಲಿಲ್ಲ.

ಹಾಗಂತ ತಪ್ಪು ಹುಡುಕದೆ ಬಿಟ್ಟಿದ್ದರೇ? ಇಲ್ಲವೇ ಇಲ್ಲ. ಆ ವರ್ಷ ಪಿ.ಟಿ.ಗೆ ಹೊಸ ಪಾಠ ಬಂದಿತ್ತು: ಮಕ್ಕಳು ತಮ್ಮ ಆಟವನ್ನು ತಾವೇ ನೋಡಿ, ಎಲ್ಲಿ ಕೆಡುತ್ತಿದೆ ಎಂದು ಕಂಡುಹಿಡಿದು, ತಿದ್ದಿಕೊಳ್ಳಬೇಕು. ಕನ್ನಡಕದ ಹುಡುಗಿಯೊಬ್ಬಳು ಶಾಲೆಯ ಮೊಬೈಲಿನಲ್ಲಿ ವಿಡಿಯೋ ಮಾಡುವುದು, ಆಮೇಲೆ ಚೆಂಡು, ಹಗ್ಗ, ಚಾಪೆಗಳ ವಾಸನೆಯ ಆಟದ ಕೋಣೆಯಲ್ಲಿ ಹಳೆಯ ಟಿ.ವಿ.ಗೆ ಹಾಕಿ ನಿಧಾನಕ್ಕೆ ಓಡಿಸಿ ನೋಡುವುದು. ವಿಡಿಯೋ ಶುರುವಾದ ಕೂಡಲೇ ಮೇಡಂ ಹೇಳುತ್ತಿದ್ದ ಮೊದಲ ಮಾತು: "ಅದರ ಬಾಯಿ ಮುಚ್ಚಿಸೇ!" ತಮ್ಮ ಕೂಗು ಟಿ.ವಿ.ಯಿಂದ ಬಂದರೆ ಅವರಿಗೆ ಮೈಯೆಲ್ಲ ಮುಜುಗರ. ಹುಡುಗಿ ಸದ್ದು ಬಂದ್ ಮಾಡುತ್ತಿದ್ದಳು. ಆಮೇಲೆ ಇಡೀ ತರಗತಿ ಮೂಕಚಿತ್ರ ನೋಡುತ್ತಿತ್ತು. ಜಾರುಬಂಡೆಯ ಮೊಣಕೈ ನೋಡಿದರು, ಬೆರಳು ನೋಡಿದರು, ಹೆಜ್ಜೆ ನೋಡಿದರು, ಶೂ ಕೂಡ ಬದಲಾಯಿಸಿದರು. ಬ್ಯಾಟನ್ ಮಾತ್ರ ಬೀಳುತ್ತಲೇ ಇತ್ತು.

ಬಾಯಿಗೆ ಬೀಗ ಹಾಕಿಕೊಂಡ ಮೇಡಂ ಬಳಪ, ಸ್ಲೇಟು ಹಿಡಿದು ಮೈದಾನಕ್ಕೆ ಬಂದರು. ಎಂದಿನಂತೆ ಉದ್ದಕ್ಕ, ಜಾರುಬಂಡೆ ಸೇರುವ ತಿರುವಿನಲ್ಲೇ ನಿಂತರು. ಯಾವ ಕಡೆ ನಂಬಿಕೆ ಇಲ್ಲವೋ ಆ ಕಡೆಯೇ ತಾನೆ ಕಾವಲು ನಿಲ್ಲುವುದು! ಉದ್ದಕ್ಕ ಬಂದಳು. ಮೇಡಂ ಬಾಯಿ ಅಭ್ಯಾಸಬಲದಿಂದ ತೆರೆಯಿತು, ಡಾಕ್ಟರ ಮುಖ ನೆನಪಾಗಿ ಮುಚ್ಚಿತು. ಬ್ಯಾಟನ್ ಬೀಳಲಿಲ್ಲ.

ಕುರುಡ ಎಸೆದ ಕಲ್ಲಿನಂತೆ ಹೇಗೋ ತಗುಲಿರಬೇಕು ಅಂದುಕೊಂಡರು. ಮರುದಿನವೂ ಬೀಳಲಿಲ್ಲ. ಅದರ ಮರುದಿನವೂ ಇಲ್ಲ. ಮೇಡಂಗೆ ಖುಷಿಗಿಂತ ಗಲಿಬಿಲಿ ಹೆಚ್ಚಾಯಿತು. ತಾನು ಏನೂ ಹೇಳಿಕೊಟ್ಟಿಲ್ಲ, ಹುಡುಗಿ ಸರಿಹೋದಳು ಅಂದರೆ ಏನರ್ಥ? ಕಾರಣ ಗೊತ್ತಿಲ್ಲದೆ ಬಂದದ್ದು ಕಾರಣ ಹೇಳದೆ ಹೋಗಿಯೂ ಬಿಡುತ್ತದೆ. ಪಂದ್ಯದ ದಿನವೇ ಹೋದರೆ? ಸ್ಲೇಟಿನ ಮೇಲೆ ಬರೆದರು: "ಹಳೇ ವಿಡಿಯೋ, ಹೊಸ ವಿಡಿಯೋ ಎರಡೂ ಹಾಕಿ."

ಆಟದ ಕೋಣೆಯಲ್ಲಿ ಎಲ್ಲರೂ ಚಾಪೆಯ ಮೇಲೆ ಒತ್ತಿಕೊಂಡು ಕೂತರು. ಕನ್ನಡಕದವಳು ಹಳೆಯ ವಿಡಿಯೋ ಶುರು ಮಾಡಿ, ಬೆರಳು ಗುಂಡಿಯ ಮೇಲಿಟ್ಟು, ಎಂದಿನ ಅಪ್ಪಣೆಗಾಗಿ ಮೇಡಂ ಮುಖ ನೋಡಿದಳು. ಅಪ್ಪಣೆ ಎಲ್ಲಿಂದ ಬರಬೇಕು?

"ಹಿಡೀಈಈ!"

ಟಿ.ವಿ. ಗುಡುಗಿತು. ಅರ್ಧ ತರಗತಿ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿತು. ಯಾರೋ ಕಿಸಕ್ಕನೆ ನಕ್ಕರು. ಮೇಡಂ ನಗಲಿಲ್ಲ. ಟಿ.ವಿ.ಯಲ್ಲಿ ಅವರ ಕೂಗಿಗೆ ಸರಿಯಾಗಿ ಜಾರುಬಂಡೆಯ ಅಂಗೈ ತೆರೆದುಕೊಂಡಿತ್ತು. ಉದ್ದಕ್ಕ ಇನ್ನೂ ಎಲ್ಲೋ ಹಿಂದಿದ್ದಳು. ಚಾಚಿದ ಕೈ ಕಾದು ಕಾದು ಓಲಾಡಿತು. ಉದ್ದಕ್ಕ ಬಂದು "ತಗೋ" ಅನ್ನುವ ಹೊತ್ತಿಗೆ ಅದು ಅರ್ಧ ಕೆಳಗಿಳಿದುಬಿಟ್ಟಿತ್ತು. ಬ್ಯಾಟನ್ ಮಣಿಕಟ್ಟಿಗೆ ಬಡಿದು ಬಿತ್ತು.

ಮೇಡಂ ಕೈಸನ್ನೆ ಮಾಡಿದರು, ಇನ್ನೊಮ್ಮೆ. ಇನ್ನೊಂದು ದಿನದ್ದು ಹಾಕು. ಅದರ ಹಿಂದಿನದು. ಪ್ರತಿ ಸಲವೂ ಮೊದಲು ಅವರ ಕೂಗು, ಕೂಗಿಗೆ ಕೈ, ಆಮೇಲೆ ಉದ್ದಕ್ಕ. ಆತುರಗಾರ್ತಿ ಮೇಡಂ ಒಂದು ದಿನವಾದರೂ ಸರಿಯಾದ ಹೊತ್ತಿಗೆ ಕೂಗಿರಲಿಲ್ಲ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ್ದರು. ಹೊಸ ವಿಡಿಯೋದಲ್ಲಿ ಮೈದಾನ ತಣ್ಣಗಿತ್ತು. ಉದ್ದಕ್ಕನ "ತಗೋ" ಸ್ಪಷ್ಟವಾಗಿ ಕೇಳಿಸಿತು, ಅಂಗೈ ತೆರೆಯಿತು, ಬ್ಯಾಟನ್ ಹೋಗಿ ಕೂತಿತು.

ಎಲ್ಲರಿಗೂ ಕಂಡಿತ್ತು, ಹೇಳುವವರು ಯಾರು? ಬೆಕ್ಕಿಗೆ ಗಂಟೆ ಕಟ್ಟುವ ಮಾತು. ಮೇಡಂ ಸ್ಲೇಟಿನ ಮೇಲೆ ಬರೆದು ಜಾರುಬಂಡೆಗೆ ತೋರಿಸಿದರು: "ನನ್ನ ಕೂಗಿಗೆ ಕೈ ಚಾಚ್ತಿದ್ಯಾ?"

ಹುಡುಗಿ ಲಂಗದ ಅಂಚು ಹಿಂಡಿದಳು. "ಉದ್ದಕ್ಕ 'ತಗೋ' ಅಂತಿದ್ಳು ಮೇಡಂ. ಆದ್ರೆ ನೀವು ಅದಕ್ಕೆ ಮೊದಲೇ 'ಹಿಡಿ' ಅಂತಿದ್ರಿ. ನೀವು ಹೇಳಿದ ಮೇಲೆ ಹಿಡೀಲೇಬೇಕಲ್ವಾ?"

"ಅಯ್ಯೋ ಪೆದ್ದೀ," ಎಂದಳು ಉದ್ದಕ್ಕ, "ಮೇಡಂ ಕೂಗ್ತಾನೇ ಇರ್ತಾರೆ, ಅದನ್ನ ಯಾರಾದ್ರೂ ಕಿವಿಗೆ ಹಾಕ್ಕೊತಾರಾ! ನಾವೆಲ್ಲ ಎಲ್ಲಿ…" ಅಷ್ಟರಲ್ಲಿ ನಾಲಿಗೆ ಕಚ್ಚಿಕೊಂಡಳು.

ಕಚ್ಚಿಕೊಂಡರೇನು, ಮಾತು ಹೊರಬಿದ್ದಿತ್ತು. ಅದು ಮೇಡಂ ಎದೆಗೆ ನೇರ ಹೋಗಿ ನಾಟಿತು. ಇಷ್ಟು ವರ್ಷ ಗಂಟಲು ಹರಿದುಕೊಂಡದ್ದನ್ನು ಉಳಿದವರು ಗಾಳಿಗೆ ಬಿಟ್ಟಿದ್ದರು. ಪ್ರತಿ ಮಾತನ್ನೂ ನಂಬಿ ಕೈ ಚಾಚಿದವಳು ಇವಳೊಬ್ಬಳೇ. ಆ ಒಬ್ಬಳನ್ನೇ ತಂಡದಿಂದ ತೆಗೆಯಲು ಹೊರಟಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತ ಹಿರಿಯರು ಸುಮ್ಮನೆ ಅಂದಿಲ್ಲ. ಮೇಡಂಗೆ ಮನೆಯಲ್ಲಿ ತನ್ನ ದನಿಯೊಂದನ್ನೇ ನಂಬಿ ಕೂತ ಅತ್ತೆಯ ನೆನಪಾಯಿತು. ಕಣ್ಣು ಮಂಜಾಯಿತು, ಅದರ ನಡುವೆಯೇ ನಗು ಬಂತು, ಆದರೆ ಸದ್ದು ಮಾಡಿ ನಗುವ ಹಾಗೂ ಇರಲಿಲ್ಲ. ಭುಜ ಮಾತ್ರ ಕುಲುಕಿದವು. ಮಕ್ಕಳು ಗಾಬರಿಯಾಗಿ ನೀರಿನ ಬಾಟಲಿ ಹಿಡಿದು ಬಂದರು.

ಸ್ಲೇಟು ಒರೆಸಿ, ದೊಡ್ಡ ಅಕ್ಷರದಲ್ಲಿ ಬರೆದರು: "ತಪ್ಪು ಇವಳದಲ್ಲ, ನನ್ನದು. ಇವಳೇ ಓಡ್ತಾಳೆ." ಎತ್ತಿ ಇಡೀ ತರಗತಿಗೆ ತೋರಿಸಿದರು. ಕೊನೆಯ ಸಾಲಿನವರಿಗೂ ಕಾಣುವ ತನಕ ಇಳಿಸಲಿಲ್ಲ.

ಪಂದ್ಯದ ದಿನ ಬೆಳಿಗ್ಗೆ ಬೀಗ ತೆಗೆಯಿತು. ಮೆಲ್ಲಗೆ ಮಾತಾಡಬಹುದು ಎಂದಿದ್ದರು ಡಾಕ್ಟರು. ಅತ್ತೆ ಕಾದು ಕೂತಿದ್ದರು. ಮೇಡಂ ಅವರ ಕಿವಿಗೆ ಬಾಯಿ ತಾಗಿಸಿ, "ಅಮ್ಮಾ, ತಿಂಡಿಗೆ ಏಳಿ," ಅಂದರು. ಮುದುಕಿ ಮಗುವಿನ ಹಾಗೆ ನಕ್ಕು ಎದ್ದರು. ದನಿ ಹಿಂದಿನಂತೆಯೇ ಬಂದಿತ್ತು. ಬೇಕೆಂದರೆ ಕೂಗಬಹುದಿತ್ತು. ಅದೇ ಈಗ ಹೆದರಿಕೆ.

ಪಂದ್ಯದ ಮೈದಾನದಲ್ಲಿ ಕಾಲು ತಾನಾಗಿಯೇ ತಿರುವಿನ ಕಡೆ ಹೋಯಿತು. ಇಲ್ಲಿ ನಿಲ್ಲುವುದೇ ಬೇಡ ಅಂದುಕೊಂಡು ಹಿಂದೆ ಸರಿಯುವಷ್ಟರಲ್ಲಿ ಜಾರುಬಂಡೆ ಓಡಿಬಂದಳು.

"ಮೇಡಂ, ಎಲ್ಲಿ ಹೋಗ್ತೀರ?"

"ಆ ಕಡೆ ನಿಲ್ತೀನಿ ಕಣೇ. ನನ್ನ ಬಾಯಿ ನಂಬಿ ನಿಲ್ಲೋಕಾಗಲ್ಲ."

"ಬೇಡ ಮೇಡಂ, ಇಲ್ಲೇ ಇರಿ. ನೀವು ಕೂಗಲ್ಲ ಅಂತ ನನಗೆ ಗೊತ್ತು. ನೀವು ಕಂಡ್ರೆ ನನಗೆ ಧೈರ್ಯ."

ಈ ಹುಡುಗಿಗೆ ಇನ್ನೂ ನಂಬಿಕೆ ಬತ್ತಿಲ್ಲವಲ್ಲ ಎಂದುಕೊಂಡು ಮೇಡಂ ತಿರುವಿಗೇ ಮರಳಿ ನಿಂತರು.

ಓಟ ಶುರುವಾಯಿತು. ಮೊದಲನೆಯವಳು ಉದ್ದಕ್ಕನಿಗೆ ಕೊಟ್ಟಳು. ಉದ್ದಕ್ಕ ತಿರುವಿನತ್ತ ಬಂದಳು. ಜಾರುಬಂಡೆ ಓಡತೊಡಗಿದಳು. ಸುತ್ತ ಬೇರೆ ಶಾಲೆಯ ಮೇಷ್ಟ್ರುಗಳು ಕೂಗುತ್ತಿದ್ದರು. ಮೇಡಂ ಹೊಟ್ಟೆಯಿಂದ "ಹಿ" ಎದ್ದು ಎದೆಗೆ ಬಂತು, ಎದೆಯಿಂದ ಗಂಟಲಿಗೆ ಬಂತು. ಸೆರಗನ್ನು ಉಂಡೆ ಮಾಡಿ ಬಾಯಿಗೆ ತುರುಕಿಕೊಂಡರು. ಪಕ್ಕದ ಶಾಲೆಯ ಮೇಷ್ಟ್ರು ವಿಚಿತ್ರವಾಗಿ ನೋಡಿದರು. ನೋಡಿದರೆ ನೋಡಲಿ.

"ತಗೋ!" ಅಂದಳು ಉದ್ದಕ್ಕ.

ಅಂಗೈ ತೆರೆಯಿತು. ಬ್ಯಾಟನ್ ಕೂತಿತು. ಜಾರುಬಂಡೆ ಒಮ್ಮೆಯೂ ಹಿಂದೆ ನೋಡದೆ ಓಡಿದಳು. ಅವಳ ಓಟವನ್ನು ಮೇಡಂ ಇಷ್ಟು ನೆಮ್ಮದಿಯಿಂದ ನೋಡಿದ್ದು ಅದೇ ಮೊದಲು. ಕೂಗುವ ಗಡಿಬಿಡಿಯಲ್ಲಿ ಹುಡುಗಿ ಇಷ್ಟು ಚೆಂದ ಓಡುತ್ತಾಳೆ ಎಂಬುದನ್ನೇ ಕಂಡಿರಲಿಲ್ಲ.

ತಂಡ ಎರಡನೆಯದಾಗಿ ಬಂತು. ಮಕ್ಕಳು ಮೊದಲ ಬಹುಮಾನ ಬಂದವರಿಗಿಂತ ಹೆಚ್ಚು ಕುಣಿದರು. ಸಂಜೆ ಎಲ್ಲರೂ ಬಸ್ಸಿನ ಕಡೆ ಹೊರಟಾಗ ಮೇಡಂ ಮುಂದೆ ಮುಂದೆ ನಡೆಯುತ್ತಿದ್ದರು. ಹಿಂದಿನಿಂದ ದಬದಬ ಹೆಜ್ಜೆ ಕೇಳಿಸಿತು.

"ಮೇಡಂ, ತಗೊಳ್ಳಿ!"

ಸೀಟಿ ಮೇಡಂ ತಿರುಗಿ ನೋಡಲಿಲ್ಲ. ನಡೆಯುತ್ತಲೇ ಅಂಗೈ ಹಿಂದಕ್ಕೆ ಚಾಚಿದರು. ಬ್ಯಾಟನ್ ಬಂದು ಕೂತಿತು, ಜಾರುಬಂಡೆಯ ಕೈಯ ಬೆವರಿನಿಂದ ಅದಿನ್ನೂ ಬೆಚ್ಚಗಿತ್ತು.

"ನಿನ್ನಿಂದ ದೊಡ್ಡ ಉಪಕಾರ ಆಯ್ತು ಕಣೇ ಮಗಳೇ," ಅಂದರು ಮೇಡಂ. ಮೆಲ್ಲಗೇ ಅಂದರು. ಹುಡುಗಿಗೆ ಕೇಳಿಸಿತು.