ಮೂರು ಪೆನ್ನುಗಳ ರೇಖೆ

ವಿಶ್ವವಿದ್ಯಾಲಯದ ಸಂಜೆ ತರಗತಿಯಲ್ಲಿ ಸೂಕ್ಷ್ಮ ಅರ್ಥಶಾಸ್ತ್ರ ಹೇಳಿಕೊಡುವ ಪ್ರೊಫೆಸರಿಗೆ ವಿದ್ಯಾರ್ಥಿಗಳು ಇಟ್ಟ ಹೆಸರು ರೇಖೆ ಮೇಷ್ಟ್ರು. ಹೊಳೆ ದಾಟಿಸುವ ಲಾಂಚಿನಲ್ಲಿ ಅವರು ಜನ್ಮದಲ್ಲಿ ಒಮ್ಮೆಯೂ ಕಾಲಿಟ್ಟವರಲ್ಲ. ಆದರೆ ಅದರ ಟಿಕೆಟ್ ದರ ಎಷ್ಟಿರಬೇಕೆಂದು ಲಾಂಚ್ ಕಚೇರಿಗೆ ವರದಿ ಬರೆದುಕೊಟ್ಟವರು ಅವರೇ. ಆ ವರದಿಯ ಬೇಡಿಕೆಯ ರೇಖೆಯನ್ನು ಬೋರ್ಡಿನ ಮೇಲೆ ಎಳೆದು, ತಲೆ ವಾರೆ ಮಾಡಿ, ಹೆತ್ತ ಮಗುವನ್ನು ನೋಡುವಂತೆ ನೋಡುತ್ತಿದ್ದರು. ಇಷ್ಟು ನಯವಾದ ರೇಖೆ ತಮ್ಮ ಸರ್ವೀಸಿನಲ್ಲೇ ಸಿಕ್ಕಿರಲಿಲ್ಲವಂತೆ.

ಕೊನೆಯ ಬೆಂಚಿನಲ್ಲಿ ಕುಳಿತಿದ್ದ ಲಾಂಚಿನ ಟಿಕೆಟ್ ಕೌಂಟರಿನವಳಿಗೆ ನಗು, ನಾಚಿಕೆ ಎರಡೂ ಒಟ್ಟಿಗೆ ಬಂದವು. ಬೇರೆ ಕಡೆ ಸಿಗುವುದಾದರೂ ಹೇಗೆ? ಎರಡು ವರ್ಷದ ಹಿಂದೆ, ದರ ಎಷ್ಟಾದರೆ ಲಾಂಚ್ ಹತ್ತುವುದನ್ನು ನಿಲ್ಲಿಸುತ್ತೀರಿ ಎಂದು ಪ್ರಯಾಣಿಕರನ್ನು ಕೇಳಿ ತುಂಬಬೇಕಾದ ಮುನ್ನೂರು ಫಾರಂ ಅವಳ ಕೌಂಟರಿಗೇ ಬಂದಿದ್ದವು. ಕೆಲಸಕ್ಕೆ ಓಡುವವರು ನಿಂತು ಫಾರಂ ತುಂಬಿಸುತ್ತಾರೆಯೇ? ಹತ್ತಿಪ್ಪತ್ತು ಜನ ಬೈದು ಹೋದ ಮೇಲೆ ಮಿಕ್ಕಿದ್ದನ್ನೆಲ್ಲ ಅವಳೇ ಕೂತು ತುಂಬಿದಳು, ಅನುಮಾನ ಬರದಿರಲೆಂದು ಮೂರು ಪೆನ್ನು ಬದಲಿಸಿ. ತನ್ನ ಪ್ರಯಾಣಿಕರು ಗತಿಗೆಟ್ಟವರಂತೆ ಕಾಣಬಾರದೆಂದು, ದರ ಏರಿದರೂ ಕೊಡುವವರೆಂದು ಧಾರಾಳವಾಗಿಯೇ ಬರೆದಳು. ದರ ಎರಡು ಪಟ್ಟಾಯಿತು. ಅವಳ ಅತ್ತಿಗೆಯೂ ಸೇರಿ ಅರ್ಧ ಜನ ಈಗ ದೂರದ ಸೇತುವೆ ಸುತ್ತಿಕೊಂಡು ನಡೆದೇ ಹೋಗುತ್ತಾರೆ. ಅದು ಬೋರ್ಡಿನ ಮೇಲೆ ಕಾಣುವುದಿಲ್ಲ.

ಮೇಲ್ವಿಚಾರಕಿಯಾಗಿ ಬಡ್ತಿ ಬೇಕಾದರೆ ಅವಳು ಈ ವಿಷಯದಲ್ಲಿ ಪಾಸಾಗಲೇಬೇಕಿತ್ತು. ಮೌಖಿಕ ಪರೀಕ್ಷೆಯ ದಿನ ಮೇಷ್ಟ್ರು ಅದೇ ರೇಖೆಯನ್ನು ಮುಂದಿಟ್ಟು, ಇದರಲ್ಲೇನಾದರೂ ಕೊರತೆ ಕಾಣುತ್ತದೆಯೇ ಎಂದು ಕೇಳಿದರು. ಇಲ್ಲವೆಂದಿದ್ದರೆ ಬಡ್ತಿ ಕೈಯಲ್ಲೇ ಇತ್ತು. ಆದರೆ ಆ ಮುಖದ ಹೆಮ್ಮೆ ನೋಡಿ ಅವಳಿಗೆ ಬಾಯಿ ಮುಚ್ಚಿಕೊಂಡಿರಲಾಗಲಿಲ್ಲ.

"ಅದು ಜನ ಹೇಳಿದ್ದಲ್ಲ ಸರ್. ಫಾರಂ ತುಂಬಿದ್ದು ನಾನು."

ಮೇಷ್ಟ್ರ ಮುಖ ಕಪ್ಪಿಟ್ಟಿತು. ಎದ್ದು ಹೋಗಿ ಬಾಗಿಲು ಮುಚ್ಚಿ ಬಂದರು. ವರದಿಯನ್ನು ಹಿಂದೆ ಮುಂದೆ ತಿರುವಿದರು. ಆಮೇಲೆ ಮುಖಕ್ಕೆ ಮೆಲ್ಲಗೆ ಕಳೆ ಬಂತು.

"ಸಿದ್ಧಾಂತಕ್ಕೆ ಸರಿಯಾಗಿ ಹೊಂದುತ್ತಲ್ಲಮ್ಮ, ತುಂಬಿದ್ದು ಯಾರಾದ್ರೇನು? ಜನ ತುಂಬಿದ್ರೆ ಅಂಕುಡೊಂಕಾಗ್ತಿತ್ತು. ಈ ಮಾತು ಇಲ್ಲೇ ಇರಲಿ."

ನೂರಕ್ಕೆ ತೊಂಬತ್ತೆರಡು ಅಂಕ ಬರೆದು ಸಹಿ ಹಾಕಿದರು. ಇಂಥ ಪಾಂಡಿತ್ಯಕ್ಕೆ ಕೈ ಮುಗಿಯಬೇಕು. ಅವಳೇನು ಕಡಿಮೆಯೇ? ಅಷ್ಟೊತ್ತು ಇದ್ದ ಧೈರ್ಯ ಅಂಕ ಕಂಡಕೂಡಲೇ ಎಲ್ಲಿ ಅಡಗಿತೋ, ಕೋಲೆ ಬಸವನ ಹಾಗೆ ತಲೆಯಾಡಿಸಿ ಹೊರಗೆ ಬಂದಳು.

ಮನೆಯಲ್ಲಿ ಅತ್ತಿಗೆ ಆಗಷ್ಟೇ ನಡೆದು ಬಂದು, ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡು ಕೂತಿದ್ದರು. ಪಾಸಾದ ಸುದ್ದಿ ಕೇಳಿ ಅವರಿಗಾದ ಸಂತೋಷ ಅಷ್ಟಿಷ್ಟಲ್ಲ.

"ಇನ್ನು ಆಫೀಸಲ್ಲಿ ನಿನ್ನ ಮಾತು ನಡೆಯುತ್ತೆ. ದರ ಏರಿಸಿದ್ರೂ ಜನ ಬರ್ತಾರೆ ಅಂತ ಹೇಳಿದ ಪುಣ್ಯಾತ್ಮ ಯಾರು ಅಂತ ವಿಚಾರಿಸು. ಸಿಕ್ಕಿದ್ರೆ ಮನೆಗೆ ಕರ್ಕೊಂಡು ಬಾ. ನಾನೇನೂ ಬೈಯಲ್ಲ. ಈ ಕಾಲು ಒಂದ್ಸಲ ನೋಡಲಿ, ಸಾಕು."

ಯಾರನ್ನೂ ಕರೆತರಬೇಕಾಗಿರಲಿಲ್ಲ. ಅವಳು ಬಕೆಟ್ಟಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಆ ಕಾಲನ್ನು ನೋಡಿದಳು.