ಮೊದಲು ಯಾರ ಕುರಿ

ಯಲ್ಲದಕೆರೆ ಪಕ್ಕದ ಗೊಲ್ಲರಹಟ್ಟಿಯ ಕುರಿಗಳಿಗೆ, ಅದುವರೆಗೆ ಎಲ್ಲೂ ಯಾವ ಕುರಿಗೂ ಕೊಟ್ಟು ನೋಡಿರದ ಮದ್ದನ್ನು ಚುಚ್ಚಿದರು. ಹಿಂಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಸತ್ತವು. ಚುಚ್ಚಿದವರು ಸರ್ಕಾರದ ಡಾಕ್ಟರು. ಕುರಿಗಳ ಕಾಲು ಹಿಡಿದುಕೊಂಡವನು ಅದೇ ಹಟ್ಟಿಯ ಕಾಟಲಿಂಗಪ್ಪ.

ಕಾಟಲಿಂಗಪ್ಪ ದನದ ಆಸ್ಪತ್ರೆಯಲ್ಲಿ ದಿನಗೂಲಿಯವನು. ಸೂಜಿ ಕುದಿಸಬೇಕು, ಒದೆಯುವ ಎತ್ತಿನ ಮೂಗುದಾರ ಹಿಡಿಯಬೇಕು, ಜೀಪಿನ ಹಿಂದೆ ಮದ್ದಿನ ಪೆಟ್ಟಿಗೆ ಉರುಳದಂತೆ ಅವುಚಿಕೊಂಡು ಕೂರಬೇಕು. ಈ ಕೆಲಸ ಕಾಯಂ ಆದರೆ ಸಾಕು, ಬೇರೇನೂ ಬೇಡ ಎಂದುಕೊಂಡು ಮದುವೆಯನ್ನೂ ಮುಂದಕ್ಕೆ ತಳ್ಳುತ್ತ ಬಂದವನು. ತಾಯಿ ಸತ್ತ ಮೇಲೆ ಅವನನ್ನು ಸಾಕಿ, ಹೈಸ್ಕೂಲಿನ ತನಕ ಓದಿಸಿದವಳು ದೊಡ್ಡವ್ವ ಹುಚ್ಚಕ್ಕ. ಹಟ್ಟಿಯಲ್ಲಿ ದೊಡ್ಡ ಹಿಂಡು ಅವಳದೇ.

ಡಾಕ್ಟರ್ ತಿಮ್ಮರಾಯಪ್ಪ ಒಂದು ದಿನ ಕರೆದು ಹೇಳಿದ್ದರು: "ಕರುಳುಬೇನೆಗೆ ಹೊಸ ಮದ್ದು ಬಂದೈತೆ ಕಣಯ್ಯ. ನಿಮ್ಮ ಹಟ್ಟಿ ಕುರಿಗೆ ಟೆಸ್ಟ್ ಮಾಡಾಣ. ನಿಮ್ಮೋರು ನನ್ ಮಾತು ಎಲ್ಲಿ ಕೇಳ್ತಾರೆ? ನೀನೇ ಹೇಳಿ ಒಪ್ಪಿಸು."

ಅವನು ಹಟ್ಟಿಗೆ ಹೋಗಿ ಹೇಳಿದ. ಹುಚ್ಚಕ್ಕ ಮರಿಯೊಂದರ ಕಿವಿಯ ಉಣ್ಣೆಹುಳ ಕೀಳುತ್ತ ಕೂತಿದ್ದಳು.

"ಟೆಸ್ಟು ಅಂದ್ರೆ ಏನ್ಲಾ ಕಾಟ?"

ಆ ಮಾತು ಅವನಿಗೆ ಗೊತ್ತಿತ್ತು. ಹೈಸ್ಕೂಲಿನಲ್ಲಿ ಟೆಸ್ಟು ಬರೆದು ಫೇಲಾಗಿದ್ದ. ಹಿರಿಯೂರಿನ ಹೆದ್ದಾರಿಯಲ್ಲಿ ಲಾರಿ ರಿಪೇರಿಯವರು ಬ್ರೇಕು ಟೆಸ್ಟ್ ಮಾಡುವುದನ್ನು ನೋಡಿದ್ದ. ಹೋಟೆಲಿನ ರೇಡಿಯೋದಲ್ಲಿ ಟೆಸ್ಟ್ ಮ್ಯಾಚಿನ ಗದ್ದಲ ಕೇಳಿದ್ದ.

"ಪರೀಕ್ಷೆ ಕಣವ್ವ."

"ಹಂಗನ್ನು. ಅವ್ರ ಕುರಿಗೆ ಕೊಟ್ಟು ನೋಡವ್ರೆ, ಈಗ ನಮ್ಮವಕ್ಕೆ ತಂದವ್ರೆ."

"ಊಂ ಮತ್ತೆ. ನೋಡದೆ ತರ್ತಾರಾ?"

ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಆ ಹಟ್ಟಿಯಲ್ಲಿ ಹುಟ್ಟಿದವನ ತಲೆಗೆ ಬೇರೆ ಅರ್ಥ ಹೊಳೆಯುವಂತಿರಲಿಲ್ಲ. ಅಲ್ಲಿ ನಾಲ್ಕಾರು ಮನೆಯ ಕುರಿಗಳನ್ನು ಒಂದೇ ಹಿಂಡು ಮಾಡಿ ಸರದಿಯಂತೆ ಮೇಯಿಸುತ್ತಾರೆ. ಜೋಳ ಕೊಯ್ದ ಹೊಲದಲ್ಲಿ ಕೂಳೆ ಚಿಗುರುತ್ತದಲ್ಲ, ಅದು ಒಮ್ಮೆ ಹಾಲು, ಒಮ್ಮೆ ವಿಷ. ಅಂಥ ಹೊಲ ಎದುರಾದರೆ ಸರದಿಯವನು ಹಿಂಡನ್ನು ತಡೆದು ನಿಲ್ಲಿಸಿ ತನ್ನ ಸ್ವಂತ ಕುರಿಯೊಂದನ್ನು ಮೊದಲು ಬಿಡಬೇಕು. ಅದು ಮೇದು, ಮೆಲುಕು ಹಾಕಿದ ಮೇಲೇ ಮಂದಿಯ ಕುರಿ. ಹುಚ್ಚಕ್ಕನ ಗಂಡ ಹಾಗೆ ಬಿಟ್ಟು, ಮುದ್ದಿನ ಗೆಜ್ಜೆ ಕುರಿಯನ್ನೇ ಕಳೆದುಕೊಂಡಿದ್ದ. ಅತ್ತಿದ್ದ. ಆದರೆ ಬೇರೆಯವರ ಕುರಿ ಬಿಡಬೇಕಿತ್ತು ಎಂದು ಅವನೂ ಅನ್ನಲಿಲ್ಲ, ಊರೂ ಅನ್ನಲಿಲ್ಲ. ಪರೀಕ್ಷೆ ಮಾಡುವವನದೇ ಮೊದಲು. ಬಾಯಿಬಿಟ್ಟು ಹೇಳುವ ಕಟ್ಟಳೆಯೇ ಅಲ್ಲ ಅದು.

ಡಾಕ್ಟರು ಬಂದ ದಿನ ಹಟ್ಟಿಯ ಮುಳ್ಳುಬೇಲಿಯ ಹೊರಗೇ ಬೂಟು ಬಿಚ್ಚಿಟ್ಟು ಬರಿಗಾಲಲ್ಲಿ ಒಳಗೆ ಬಂದರು. ಹೆಂಗಸರು ನೋಡಿದರು. ನಮ್ಮ ರೀತಿ ತಿಳಿದವನು ಎಂದುಕೊಂಡರು. ಕುರಿ ಕೂಡುವ ರೊಪ್ಪದ ಬಾಯಿಗೆ ಅಡ್ಡವಿಟ್ಟ ಮುಳ್ಳಿನ ತಡಿಕೆಯನ್ನು ಕಾಟಲಿಂಗಪ್ಪನೇ ಎಳೆದ.

ಕುರಿಗಳು ಮೊದಲು ಮೇವು ಬಿಟ್ಟವು. ಆಮೇಲೆ ಕತ್ತು ಹಿಂದಕ್ಕೆ ಸೆಟೆದುಕೊಂಡು, ಕಾಲು ಬಡಿದು ಬಡಿದು ಬಿದ್ದವು. ಚರ್ಮ ಸುಲಿಯಬೇಡಿ, ಹೂಳಿಬಿಡಿ ಎಂದು ಆಸ್ಪತ್ರೆಯಿಂದ ಹೇಳಿಕಳಿಸಿದರು. ಕುರಿ ಸತ್ತರೆ ಚರ್ಮವನ್ನಾದರೂ ಉಳಿಸಿಕೊಳ್ಳುವ ಹಟ್ಟಿ ಅಂದು ಉಣ್ಣೆ ಸಮೇತ ಗುಂಡಿಗೆ ಹಾಕಿತು.

ಹುಚ್ಚಕ್ಕ ಬಯ್ಯಲಿಲ್ಲ. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಗುಂಡಿಯ ಮಣ್ಣು ಮುಚ್ಚಿದ ಮೇಲೆ ಕೇಳಿದಳು: "ಅವ್ರ ಕುರೀನೂ ಹಿಂಗೇ ಸತ್ತವೇನ್ಲಾ? ಪಾಪ."

ಮರುದಿನ ಸೂಜಿ ಕುದಿಸುತ್ತ ಡಾಕ್ಟರನ್ನು ಕೇಳಿದ: "ಸಾ, ನಿಮ್ ಸರ್ಕಾರಿ ಫಾರಂ ಕುರಿಗೆ ಮೊದ್ಲು ಹಾಕಿದ್ರಲ್ಲ, ಅವು ಹೆಂಗವೆ?"

ತಿಮ್ಮರಾಯಪ್ಪ ನಕ್ಕುಬಿಟ್ಟರು. ಕೆಟ್ಟ ನಗುವೇನಲ್ಲ, ಮಕ್ಕಳ ಮಾತಿಗೆ ನಗುತ್ತೇವಲ್ಲ, ಹಾಗೆ. "ಫಾರಂ ಕುರೀನಾ? ಅವು ಹಡಗಿನಾಗೆ ಬಂದ ತಳಿ ಕಣಯ್ಯ. ಒಂದು ಸತ್ರೂ ನಾನು ಮೇಲಿನೋರಿಗೆ ಉತ್ತರ ಹೇಳ್ಬೇಕು. ಅವಕ್ಕೆ ಯಾರಾದ್ರೂ ಟೆಸ್ಟ್ ಮಾಡ್ತಾರಾ?"

ಕುದಿಯುವ ನೀರು ಉಕ್ಕಿ ಸ್ಟೌವಿನ ಮೇಲೆ ಬಿತ್ತು. ಟೆಸ್ಟ್ ಎಂದರೆ ಏನೆಂದು ಅವನಿಗೆ ಆವತ್ತು ತಿಳಿಯಿತು. ಯಾರು ಸತ್ತರೆ ಯಾರಿಗೂ ಉತ್ತರ ಹೇಳಬೇಕಿಲ್ಲವೋ ಅವರ ಮೇಲೆ ಮಾಡುವುದು. ಶಾಲೆಯ ಯಾವ ಪುಸ್ತಕದಲ್ಲೂ ಈ ಅರ್ಥ ಇರಲಿಲ್ಲ, ಆದರೆ ಇಡೀ ದೇಶ ಆಗ ಇದೇ ಅರ್ಥದಲ್ಲಿ ನಡೆಯುತ್ತಿತ್ತು. ಎಮರ್ಜೆನ್ಸಿಯ ಕಾಲ. ಕೇಳಿದವನ ಬಾಯಿಗೆ ಬೀಗ, ಕೇಳದವನ ಮೈಗೆ ಸೂಜಿ.

ಕುರಿಗಳು ಕರುಳುಬೇನೆಯಿಂದಲೇ ಸತ್ತವೆಂದು ಆಸ್ಪತ್ರೆ ಸಾರಿತು. ಸುದ್ದಿ ಬಸ್ಸಿನಲ್ಲಿ ಕೂತು ಧರ್ಮಪುರದವರೆಗೂ ಹೋಯಿತು: ಯಲ್ಲದಕೆರೆ ಕಡೆ ಬೇನೆ ಬಂದೈತಂತೆ, ಹಿಂಡು ಹಿಂಡೇ ಹೋದವಂತೆ. ಆ ಹೆದರಿಕೆಯ ಬೆನ್ನಿಗೇ ಜೀಪು ಹೊರಟಿತು.

"ಡೋಸು ಕಮ್ಮಿ ಮಾಡವ್ರೆ. ಧರ್ಮಪುರದ ಕಡೆ ಹಟ್ಟಿಗೆ ಹೋಗಾಣ. ಇದೊಂದ್ ಆಗ್ಲಿ, ನಿನ್ನ ಕಾಯಂ ಮಾಡ್ಸೋ ಜವಾಬ್ದಾರಿ ನಂದು," ಎಂದರು ಡಾಕ್ಟರು.

ಹೊರಡುವ ಮುನ್ನ ಅವನು ಹಟ್ಟಿಗೆ ಹೋಗಿ ಬಂದಿದ್ದ. ಹುಚ್ಚಕ್ಕ ಉಳಿದ ಕುರಿಗಳಿಗೆ ನೀರು ಎತ್ತಿ ಹಾಕುತ್ತಿದ್ದಳು. ಫಾರಂ ಕುರಿಗೆ ಚುಚ್ಚಿಯೇ ಇರಲಿಲ್ಲ ಎಂದು ಅವನು ಹೇಳಿದಾಗ ಕೊಡ ಕೆಳಗಿಟ್ಟಳು.

"ಮತ್ತೆ ಇನ್ನೊಂದ್ ಹಟ್ಟೀಲಿ ಕೇಳಿದ್ರೆ ಏನ್ ಹೇಳ್ತೀಯ?"

ಅವನು ಕೊಡದ ಕಡೆ ನೋಡಿದ. "ಕೆಲಸ ಹೋಗ್ತೈತೆ ದೊಡ್ಡವ್ವ."

"ಕೆಲಸ ಬೇಕಪ್ಪ, ಯಾರ್ ಬ್ಯಾಡಂದ್ರು?" ಎಂದು ಅವಳು ಮತ್ತೆ ಕೊಡ ಎತ್ತಿಕೊಂಡಳು. ಅಷ್ಟೇ.

ಧರ್ಮಪುರದ ಆಚೆ, ಕಡಲೆಕಾಯಿ ಹೊಲಗಳ ನಡುವೆ ಜುಂಜಯ್ಯನ ಹಟ್ಟಿ. ಬೆಳಗಿನ ಬಿಸಿಲು ರೊಪ್ಪದ ಒಳಗೆ ಇಳಿಯುತ್ತಿತ್ತು. ಕುರಿಗಳು ಮೇವಿಗೆ ಹೊರಡುವ ಹೊತ್ತಾಗಿ ಒದರುತ್ತಿದ್ದವು. ಡಾಕ್ಟರು ಇಲ್ಲೂ ಬೂಟು ಬಿಚ್ಚಿದರು. ಕಾಟಲಿಂಗಪ್ಪ ಆ ಬರಿಗಾಲಿನಿಂದ ಕಣ್ಣು ತೆಗೆದು ಮದ್ದಿನ ಪೆಟ್ಟಿಗೆ ಇಳಿಸಿದ.

ಮುದುಕ ಜುಂಜಯ್ಯ ಕಂಬಳಿ ಹಾಸಿದ. "ಬರ್ರಿ, ಕುಂತ್ಕಳ್ರಿ. ಕುರಿಗೆ ಆದ್ಮೇಲೆ ನಂಗೂ ಒಂದ್ ಚುಚ್ಚಿ ಹೋಗ್ರಿ ಡಾಕ್ಟ್ರೇ, ಮೊಣಕಾಲು ಹಿಡ್ಕಂಡೈತೆ."

"ನಿಂಗೆ ಟಗರಿನ ಸೂಜೀನೇ ಬೇಕಾಗ್ತೈತಜ್ಜ," ಎಂದರು ಡಾಕ್ಟರು.

"ಚುಚ್ರಿ, ಆದ್ರೆ ಈ ವಯಸ್ನಾಗೆ ಗುದ್ದಾಡಕ್ಕೆ ಎದುರು ಟಗರು ಎಲ್ಲಿ ತರ್ಲಿ?" ಎಂದ ಮುದುಕ. ಹಟ್ಟಿಯವರೆಲ್ಲ ನಕ್ಕರು. ನಗು ನಿಂತ ಮೇಲೆ ಅವನು ಕಾಟಲಿಂಗಪ್ಪನ ಕಡೆ ತಿರುಗಿದ. "ಏನಪ್ಪ, ಗೊಲ್ಲರ ಹುಡುಗನಂಗೆ ಕಾಣ್ತೀಯ. ಇವ್ರು ಟೆಸ್ಟು ಟೆಸ್ಟು ಅಂತಾರೆ. ನಮ್ ಮಾತ್ನಾಗೆ ಹೇಳು."

"ಹೇಳಯ್ಯ," ಎಂದರು ಡಾಕ್ಟರು, ಸೂಜಿಗೆ ಮದ್ದು ಎಳೆಯುತ್ತ. "ಪರೀಕ್ಷೆ ಆಗಿರೋ ಮದ್ದು, ಫಾರಂ ಕುರಿಗೂ ಹಾಕೈತೆ ಅಂತ ಹೇಳು. ಹೇಳಿ ತಡಿಕೆ ತೆಗಿ, ಹೊತ್ತಾಯ್ತು."

ಕಾಟಲಿಂಗಪ್ಪ ರೊಪ್ಪದ ಬಾಯಿಗೆ ಹೋಗಿ ತಡಿಕೆಯ ಮೇಲೆ ಕೈಯಿಟ್ಟ. ಒಳಗಿನಿಂದ ಒಂದು ಕುರಿ ಮೂತಿ ಚಾಚಿ ಅವನ ಬೆರಳು ಮೂಸಿತು, ಉಪ್ಪಿದೆಯೇನೋ ಎಂದು.

"ಫಾರಂ ಕುರಿಗೆ ಹಾಕಿಲ್ಲ ಅಜ್ಜ. ಮೊದ್ಲು ಹಾಕಿದ್ದು ನಮ್ಮ ದೊಡ್ಡವ್ವನ ಕುರಿಗೆ, ಯಲ್ಲದಕೆರೇಲಿ. ಬೇನೆ ಬಂದು ಸತ್ತಿದ್ದಲ್ಲ ಅವು. ಈ ಸೂಜಿಗೇ ಸತ್ತಿದ್ದು. ನಾನೇ ಕಾಲು ಹಿಡ್ಕಂಡಿದ್ದೆ. ಈಗ ನಿಮ್ಮವಕ್ಕೆ ಕಮ್ಮಿ ಹಾಕಿ ನೋಡ್ತಾರಂತೆ. ಟೆಸ್ಟು ಅಂದ್ರೆ ಇದೇ."

ಜುಂಜಯ್ಯ ಕಂಬಳಿಯಿಂದ ಎದ್ದು ನಿಂತ.

"ಕಾಟಲಿಂಗಪ್ಪ!" ಡಾಕ್ಟರ ದನಿ ಮೇಲೇರಲಿಲ್ಲ, ತಣ್ಣಗಾಯಿತು. "ಕಾಲ ಹೆಂಗೈತೆ ಗೊತ್ತಲ್ಲ ನಿಂಗೆ? ಸರ್ಕಾರದ ಕೆಲಸಕ್ಕೆ ಅಡ್ಡ ಬಂದ ಅಂತ ಒಂದು ಮಾತು ಹೇಳಿದ್ರೆ ಸಾಕು, ನಿನ್ನ ಎಲ್ಲಿಗೆ ಹಾಕ್ತಾರೋ ನಂಗೂ ಗೊತ್ತಾಗಲ್ಲ. ತಡಿಕೆ ತೆಗಿ."

ಕಾಟಲಿಂಗಪ್ಪ ತಡಿಕೆಗೆ ಬೆನ್ನು ಕೊಟ್ಟು ನೆಲಕ್ಕೆ ಕೂತ. ಮುಳ್ಳು ಅಂಗಿಯನ್ನು ದಾಟಿ ಬೆನ್ನಿಗೆ ನಾಟಿತು.

"ತೆಗಿಯಲ್ಲ ಸಾ."